ಮೂರನೆಯ ಡೋಸ್ ತಲುಪದ ತೋಳುಗಳು

ಹೆರಾಯಿನ್ ಇರಲಿ, ಪುಡಿ ಮಾಡಿದ ನೋವಿನ ಮಾತ್ರೆ ಇರಲಿ, ಸೂಜಿಗೆ ಸೇರುವ ಮೊದಲು ಅದು ನೀರಿನಲ್ಲಿ ಕರಗಬೇಕು. ಬಾಟಲಿಯ ಮುಚ್ಚಳವೇ ಪಾತ್ರೆಯಾಗುತ್ತದೆ, ಹತ್ತಿಯ ಚೂರೊಂದು ಸೋಸುವ ಬಟ್ಟೆಯಾಗುತ್ತದೆ. ಮೂವರು ಹಣ ಹೊಂದಿಸಿ ಕೊಂಡಿದ್ದರೆ ಮೂವರ ಸೂಜಿಯೂ ಅದೇ ಮುಚ್ಚಳಕ್ಕೆ ಇಳಿಯುತ್ತದೆ. ಒಬ್ಬರ ಸೂಜಿ ಇನ್ನೊಬ್ಬರು ಮುಟ್ಟದಿದ್ದರೂ ಮುಚ್ಚಳ, ಹತ್ತಿ, ಸಿರಿಂಜು ತೊಳೆದ ನೀರು ಇವಿಷ್ಟರಲ್ಲಿ ರಕ್ತದ ಲೇಶ ಉಳಿದಿರುತ್ತದೆ, ಮತ್ತು ಯಕೃತ್ತಿಗೆ ಸೋಂಕು ತರುವ ಹೆಪಟೈಟಿಸ್ ಬಿ ವೈರಾಣುವಿಗೆ ಅಷ್ಟು ಸಾಕು. ದೇಹದ ಹೊರಗೆ, ಒಣಗಿದ ಕಲೆಯಲ್ಲಿ ಕೂಡ ಅದು ಕನಿಷ್ಠ 7 ದಿನ ಸೋಂಕು ಹರಡುವ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಸೋಂಕಿತರ ರಕ್ತ ತಗುಲಿದ ಸೂಜಿ ಆಸ್ಪತ್ರೆಯ ಸಿಬ್ಬಂದಿಗೆ ಅಕಸ್ಮಾತ್ ಚುಚ್ಚಿದಾಗ ಎಚ್‌ಐವಿ ದಾಟುವ ಸಾಧ್ಯತೆ ಸುಮಾರು ಶೇ 0.3 ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಹೆಪಟೈಟಿಸ್ ಸಿ ಆದರೆ ಅದು ಹೆಚ್ಚೆಂದರೆ ಶೇ 3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ದಾಟುವ ಸಾಧ್ಯತೆ ಶೇ 30ರವರೆಗೂ ಹೋಗುತ್ತದೆ.

ಈ ಮೂರು ಸೋಂಕುಗಳ ಪೈಕಿ ಎಚ್‌ಐವಿಗಾಗಲಿ ಹೆಪಟೈಟಿಸ್ ಸಿಗಾಗಲಿ ಲಸಿಕೆ ಇಲ್ಲ. ಎಲ್ಲಕ್ಕಿಂತ ಸುಲಭವಾಗಿ ದಾಟುವ ಹೆಪಟೈಟಿಸ್ ಬಿಗೆ ಇದೆ, ಅದೂ ನಾಲ್ಕು ದಶಕಗಳಿಂದ ಇದೆ. ವೈರಾಣುವನ್ನು ಪತ್ತೆ ಹಚ್ಚಿದ ಬರೂಕ್ ಬ್ಲೂಮ್‌ಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಮೊದಲ ಲಸಿಕೆಗೆ ಅಮೆರಿಕದಲ್ಲಿ 1981ರಲ್ಲಿ ಪರವಾನಗಿ ಸಿಕ್ಕಿತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶದಲ್ಲೇ ತಯಾರಿಸಿದ ಶಾನ್‌ವ್ಯಾಕ್-ಬಿಯನ್ನು ಬಿಡುಗಡೆ ಮಾಡಿದ ಮೇಲೆ ಬೆಲೆಯೂ ಸಾಮಾನ್ಯರ ಕೈಗೆಟುಕುವ ಮಟ್ಟಕ್ಕೆ ಇಳಿಯಿತು. ಹೀಗಿದ್ದರೂ ಈ ಲಸಿಕೆ ಯಾರಿಗೆ ತೀರಾ ಅಗತ್ಯವೋ ಆ ಗುಂಪಿನಲ್ಲಿ, ಅಂದರೆ ಸೂಜಿಯ ಮೂಲಕ ಮಾದಕ ವಸ್ತು ಬಳಸುವವರಲ್ಲಿ, ಮೂರೂ ಡೋಸ್ ಮುಗಿಸಿದವರು ನಮ್ಮ ದೇಶದಲ್ಲಿ ವಿರಳ. ಅವರಿಗೆ ತಮ್ಮ ದೇಹದ ಮೇಲೆ ಕಾಳಜಿ ಇಲ್ಲ, ಕರೆದರೂ ಬರುವುದಿಲ್ಲ ಎಂಬ ಮಾತು ಇದಕ್ಕೆ ಕಾರಣವಾಗಿ ಚಲಾವಣೆಯಲ್ಲಿದೆ. ಲಸಿಕೆಯನ್ನು ಯಾವ ಬಾಗಿಲಲ್ಲಿ, ಯಾವ ವೇಳಾಪಟ್ಟಿಯಲ್ಲಿ, ಯಾವ ಷರತ್ತಿನ ಮೇಲೆ ಕೊಡುತ್ತೇವೆ ಎಂಬುದನ್ನು ಪರಿಶೀಲಿಸಿದರೆ ಆ ಮಾತು ನಿಲ್ಲುವುದಿಲ್ಲ.

ಮೊದಲು ಯಾರು ಹೊರಗುಳಿದಿದ್ದಾರೆ ಎಂಬುದನ್ನು ನೋಡೋಣ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಹೆಪಟೈಟಿಸ್ ಬಿ ಲಸಿಕೆ 2002ರ ಸುಮಾರಿಗೆ ಪ್ರಾಯೋಗಿಕವಾಗಿ ಸೇರಿತು, 2007-08ರಲ್ಲಿ 10 ರಾಜ್ಯಗಳಿಗೆ ಹಬ್ಬಿತು, 2011ರ ವೇಳೆಗೆ ಇಡೀ ದೇಶಕ್ಕೆ ವಿಸ್ತರಿಸಿತು. ಅಂದರೆ ಇಂದು ಇಪ್ಪತ್ತೈದು ದಾಟಿದವರು ಹುಟ್ಟಿದಾಗ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಈ ಲಸಿಕೆ ವಾಡಿಕೆಯಾಗಿ ಇರಲೇ ಇಲ್ಲ. ಖಾಸಗಿಯಾಗಿ ದುಡ್ಡು ಕೊಟ್ಟು ಹಾಕಿಸಿದ ಕುಟುಂಬಗಳನ್ನು ಬಿಟ್ಟರೆ ಉಳಿದ ಇಡೀ ತಲೆಮಾರು ರಕ್ಷಣೆಯಿಲ್ಲದೆ ಬೆಳೆದಿದೆ. ಸೂಜಿ ಬಳಸುವವರಲ್ಲಿ ಬಹುಪಾಲು ಇದೇ ತಲೆಮಾರಿನವರು.

ಏಮ್ಸ್‌ನ ರಾಷ್ಟ್ರೀಯ ಮಾದಕ ವ್ಯಸನ ಚಿಕಿತ್ಸಾ ಕೇಂದ್ರವು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಇಂಥವರ ಸಂಖ್ಯೆ ಸುಮಾರು 8.5 ಲಕ್ಷ. ಚುಚ್ಚಿಕೊಳ್ಳುವ ವಸ್ತುಗಳಲ್ಲಿ ಹೆರಾಯಿನ್‌ನ ಪಾಲು ಎಷ್ಟೋ ಔಷಧಿ ಅಂಗಡಿಯಿಂದ ಬರುವ ಅಫೀಮು ವರ್ಗದ ನೋವು ನಿವಾರಕಗಳ ಪಾಲೂ ಅಷ್ಟೇ, ತಲಾ ಶೇ 46. ಮಣಿಪುರ, ನಾಗಾಲ್ಯಾಂಡ್, ಪಂಜಾಬ್, ದೆಹಲಿಯ ಹೆಸರು ಈ ವಿಷಯದಲ್ಲಿ ಎಲ್ಲರಿಗೂ ನೆನಪಾಗುತ್ತದೆ. ಆದರೆ ಇಂಥವರ ಸಂಖ್ಯೆ ಹೆಚ್ಚಿರುವ ರಾಜ್ಯಗಳೆಂದು ಆ ಸಮೀಕ್ಷೆ ಹೆಸರಿಸಿದ ಪಟ್ಟಿಯಲ್ಲಿ ಕರ್ನಾಟಕವೂ ಇದೆ. ನಮ್ಮ ಪತ್ರಿಕೆಗಳಲ್ಲಿ ಡ್ರಗ್ಸ್ ಎಂದರೆ ಪಾರ್ಟಿ, ಸಿನಿಮಾದವರು, ಪೊಲೀಸ್ ದಾಳಿ. ಟಪೆಂಟಡಾಲ್ ಎಂಬ ನೋವು ನಿವಾರಕ ಮಾತ್ರೆಯನ್ನು ಪುಡಿ ಮಾಡಿ ಚುಚ್ಚಿಕೊಂಡು ತೋಳಿನ ರಕ್ತನಾಳಗಳನ್ನೇ ಕಳೆದುಕೊಂಡ ಹುಡುಗನ ಸುದ್ದಿಗೆ ಅಲ್ಲಿ ಜಾಗ ಕಡಿಮೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ ಸಂಗ್ರಹಿಸಿದ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ ಹೆಪಟೈಟಿಸ್ ಬಿ ಸೋಂಕು ಕಂಡದ್ದು ಶೇ 0.95 ಮಂದಿಯಲ್ಲಿ. ದೆಹಲಿಯಲ್ಲಿ ಸೂಜಿ ಬಳಸುವ 3,748 ಪುರುಷರನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಶೇ 9.7. ಅದೇ ಗುಂಪಿನಲ್ಲಿ ಎಚ್‌ಐವಿ ಶೇ 21.9, ಹೆಪಟೈಟಿಸ್ ಸಿ ಪ್ರತಿಕಾಯ, ಅಂದರೆ ಆ ಸೋಂಕು ಎಂದಾದರೂ ತಗುಲಿದ್ದರ ಗುರುತು, ಶೇ 53.7. ಈ ಅಂಕಿಗಳನ್ನು ಭಯ ಹುಟ್ಟಿಸಲು ಬಳಸುವುದು ಸುಲಭ, ಆದರೆ ಅವುಗಳನ್ನು ಇನ್ನೊಂದು ತುದಿಯಿಂದಲೂ ಓದಬೇಕು. ಇಷ್ಟೊಂದು ಅಪಾಯದ ನಡುವೆಯೂ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಪರೀಕ್ಷೆಯ ದಿನ ಹೆಪಟೈಟಿಸ್ ಬಿ ಇರಲಿಲ್ಲ. ಅವರಲ್ಲಿ ಒಂದಷ್ಟು ಜನ ಹಿಂದೆ ಸೋಂಕು ತಗುಲಿ ತಾವಾಗಿ ಚೇತರಿಸಿಕೊಂಡವರು ಇರಬಹುದು. ಉಳಿದವರಿಗೆಲ್ಲ ಲಸಿಕೆಯ ಪೂರ್ಣ ಪ್ರಯೋಜನ ಇನ್ನೂ ಬಾಕಿ ಇತ್ತು.

ವಯಸ್ಕರಿಗೆ ತಗುಲಿದ ಹೆಪಟೈಟಿಸ್ ಬಿ ನೂರರಲ್ಲಿ ತೊಂಬತ್ತೈದು ಸಲ ತಾನಾಗಿಯೇ ವಾಸಿಯಾಗುತ್ತದೆ, ದೀರ್ಘಕಾಲ ಉಳಿಯುವುದು ಮುಖ್ಯವಾಗಿ ಹುಟ್ಟುವಾಗ ತಾಯಿಯಿಂದ ಬಂದ ಸೋಂಕು ಎಂಬ ವಾದವೂ ಉಂಟು. ವೈದ್ಯಕೀಯವಾಗಿ ಅದು ಸರಿ. ಕಾಮಾಲೆಗೆ ನಾಟಿ ವೈದ್ಯರ ಸೊಪ್ಪಿನ ರಸ ಕುಡಿದು ಪಥ್ಯ ಹಿಡಿದವರಲ್ಲಿ ಹೆಚ್ಚಿನವರು ಎದ್ದು ಓಡಾಡುವುದಕ್ಕೂ ಇದೇ ಕಾರಣ. ನಮ್ಮ ಊರುಗಳಲ್ಲಿ ಕಾಮಾಲೆ ಸಣ್ಣ ಕಾಯಿಲೆ ಎಂಬ ಭಾವನೆ ಗಟ್ಟಿಯಾಗಿರುವುದಕ್ಕೂ ಇದೇ ಕಾರಣ. ಆದರೆ ಆ ತೊಂಬತ್ತೈದರ ಲೆಕ್ಕ ಆರೋಗ್ಯವಂತ ವಯಸ್ಕರದು. ಎಚ್‌ಐವಿ ಇರುವವರಲ್ಲಿ ಸೋಂಕು ಉಳಿದುಕೊಳ್ಳುವ ಸಂಭವ ಹೆಚ್ಚು, ಹೆಪಟೈಟಿಸ್ ಸಿ ಜೊತೆಗಿದ್ದರೆ ಯಕೃತ್ತಿಗೆ ಆಗುವ ಹಾನಿ ಹೆಚ್ಚು, ಮತ್ತು ದೆಹಲಿಯ ಅಂಕಿಗಳು ಹೇಳುವಂತೆ ಈ ಗುಂಪಿನಲ್ಲಿ ಅವೆರಡೂ ಹೇರಳ. ಸೋಂಕು ಸಂಗಾತಿಗೂ, ಆಕೆಯಿಂದ ಹುಟ್ಟುವ ಮಗುವಿಗೂ ದಾಟಬಹುದು. ಲಸಿಕೆ ಹಾಕಿದ ತೋಳು ಒಂದೇ ಆದರೂ ರಕ್ಷಣೆ ಪಡೆಯುವವರು ಒಬ್ಬರೇ ಅಲ್ಲ.

ಈಗ ವೇಳಾಪಟ್ಟಿಯ ವಿಷಯ. ವಯಸ್ಕರಿಗೆ ವಾಡಿಕೆಯ ಕ್ರಮ ಇಂದು ಒಂದು, ಒಂದು ತಿಂಗಳಿಗೆ ಇನ್ನೊಂದು, ಆರನೆಯ ತಿಂಗಳಿಗೆ ಮತ್ತೊಂದು. ಖಾಯಂ ವಿಳಾಸವಿದ್ದು, ಕ್ಯಾಲೆಂಡರಿನಲ್ಲಿ ದಿನಾಂಕ ಗುರುತು ಹಾಕಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಕ್ರಮ ಇದು. ಸೂಜಿ ಬಳಸುವವರ ಆರು ತಿಂಗಳು ಹೇಗಿರುತ್ತದೆ? ಬೆಳಗ್ಗೆ ಎದ್ದ ಕೂಡಲೇ ಶುರುವಾಗುವ ಮೈಕೈ ನೋವು, ಮೂಗಿನಲ್ಲಿ ನೀರು, ಹೊಟ್ಟೆ ತೊಳಸು, ಅಂದರೆ ಅವರ ಮಾತಿನಲ್ಲಿ ‘ಟರ್ಕಿ’, ತಪ್ಪಿಸುವುದೇ ದಿನದ ಮೊದಲ ಕೆಲಸ. ಆ ಆರು ತಿಂಗಳಲ್ಲಿ ಬಾಡಿಗೆ ಕೋಣೆ ಬದಲಾಗುತ್ತದೆ, ಫೋನು ಮಾರಾಟವಾಗುತ್ತದೆ, ಒಮ್ಮೆ ಪೊಲೀಸರು ಹಿಡಿದೊಯ್ಯುತ್ತಾರೆ, ಒಮ್ಮೆ ಮನೆಯವರು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುತ್ತಾರೆ. ಆರನೆಯ ತಿಂಗಳ ದಿನಾಂಕವನ್ನು ಚೀಟಿಯಲ್ಲಿ ಬರೆದು ಕೊಟ್ಟವರಿಗೂ ಆ ಚೀಟಿ ಉಳಿಯುವುದಿಲ್ಲ ಎಂಬುದು ಗೊತ್ತಿರುತ್ತದೆ.

ಆಸ್ಪತ್ರೆಯ ಅನುಭವವೂ ಇದರೊಳಗೆ ಸೇರಿದೆ. ವರ್ಷಗಟ್ಟಲೆ ಚುಚ್ಚಿಕೊಂಡವರ ತೋಳಿನಲ್ಲಿ ರಕ್ತನಾಳಗಳು ಗಟ್ಟಿಯಾಗಿ ಒಳಸೇರಿರುತ್ತವೆ, ಅಲ್ಲಲ್ಲಿ ಹುಣ್ಣು ಮಾಗಿದ ಕಲೆಗಳಿರುತ್ತವೆ. ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ ಹಾಕುವುದು ಇದಕ್ಕಾಗಿಯೇ. ಪರೀಕ್ಷೆಗೆ ರಕ್ತ ತೆಗೆಯುವವರು ಆರೇಳು ಕಡೆ ಚುಚ್ಚಿ ನೋಡಿ, ಕೊನೆಗೆ ಸರತಿಯಲ್ಲಿದ್ದವರೆಲ್ಲ ಕೇಳುವಂತೆ ಗದರಿದರೆ ಆ ವ್ಯಕ್ತಿ ಮತ್ತೆ ಆ ಕಿಟಕಿಯ ಬಳಿ ಸುಳಿಯುವುದಿಲ್ಲ. ವಾಸ್ತವದಲ್ಲಿ ಲಸಿಕೆಗೆ ರಕ್ತನಾಳ ಬೇಕಿಲ್ಲ, ಅದು ಭುಜದ ಸ್ನಾಯುವಿಗೆ ಹೋಗುತ್ತದೆ. ಪರೀಕ್ಷೆಗೂ ಬೆರಳ ತುದಿಯ ಒಂದು ಹನಿ ಸಾಕಾಗುವ ಕಿಟ್‌ಗಳಿವೆ. ಪರೀಕ್ಷೆಯ ವರದಿ ಬರಲಿ, ಆಮೇಲೆ ಲಸಿಕೆ ಎಂದು ವಾಪಸ್ ಕಳಿಸುವ ಅಗತ್ಯವೂ ಇಲ್ಲ. ಈಗಾಗಲೇ ಸೋಂಕು ಇರುವವರಿಗೆ ಲಸಿಕೆ ಹಾಕಿದರೆ ಅದರಿಂದ ಲಾಭವಿಲ್ಲ, ಕೇಡೂ ಇಲ್ಲ. ಆದ್ದರಿಂದ ಮೊದಲ ಭೇಟಿಯಲ್ಲೇ ಪರೀಕ್ಷೆಯೂ ಆಗಬಹುದು, ಮೊದಲ ಡೋಸೂ ಆಗಬಹುದು.

ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿಯೇ ಈ ಗುಂಪಿಗೆಂದು ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿ, ಶೀಘ್ರ ವೇಳಾಪಟ್ಟಿಯಲ್ಲಿ ಲಸಿಕೆ ಕೊಡಿ ಎಂದು ಶಿಫಾರಸು ಮಾಡಿತು. ಮೊದಲ ದಿನ, 7ನೆಯ ದಿನ, 21ನೆಯ ದಿನ, ಹೀಗೆ ಮೂರು ವಾರದಲ್ಲಿ ಮೂರು ಡೋಸ್. ವರ್ಷದ ನಂತರ ಒಂದು ಬೂಸ್ಟರ್. ಈ ವೇಗಕ್ಕೆ ಒಂದು ಬೆಲೆ ಇದೆ. ಆರು ತಿಂಗಳ ಕ್ರಮವನ್ನು ಪೂರ್ಣಗೊಳಿಸಿದ ಆರೋಗ್ಯವಂತ ಯುವಕರಲ್ಲಿ ಶೇ 95ರಷ್ಟು ಮಂದಿಗೆ ರಕ್ಷಣೆ ಬರುತ್ತದೆ. ಮೂರು ವಾರದ ಕ್ರಮದಲ್ಲಿ ಕೊನೆಯ ಡೋಸ್ ಆಗಿ ಐದು ವಾರದ ಹೊತ್ತಿಗೆ ರಕ್ಷಣೆ ಕಾಣುವುದು ಸುಮಾರು ಶೇ 76 ಮಂದಿಯಲ್ಲಿ, ಬೂಸ್ಟರ್ ಆದ ಮೇಲೆ ಅದು ಶೇ 98 ದಾಟುತ್ತದೆ. ಕೆಲವು ವೈದ್ಯರು ಶೀಘ್ರ ಕ್ರಮವನ್ನು ಅರೆಬರೆ ರಕ್ಷಣೆ ಎಂದು ತಳ್ಳಿಹಾಕುವುದು ಇದೇ ಅಂತರವನ್ನು ತೋರಿಸಿ. ಆದರೆ ಆರು ತಿಂಗಳ ಕ್ರಮದ 95 ಎಂಬ ಅಂಕಿ ಪೂರ್ಣಗೊಳಿಸಿದವರಿಗೆ ಮಾತ್ರ ಅನ್ವಯಿಸುತ್ತದೆ. ನೂರು ಜನರಲ್ಲಿ ಹತ್ತೇ ಜನ ಮೂರನೆಯ ಡೋಸಿಗೆ ಬಂದರೆ ಆ ಹೆಚ್ಚಿನ ಶಕ್ತಿ ಯಾರ ದೇಹದಲ್ಲಿ ಕೆಲಸ ಮಾಡಬೇಕು?

ವೇಳಾಪಟ್ಟಿ ಚಿಕ್ಕದಾದರೆ ಸಾಕು ಎಂದುಕೊಳ್ಳುವುದೂ ಪೂರ್ತಿ ಸರಿಯಲ್ಲ, ಮತ್ತು ಇದನ್ನು ತೋರಿಸಿದ ಅಧ್ಯಯನ ಈ ಇಡೀ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಅಫೀಮು ವರ್ಗದ ವ್ಯಸನಕ್ಕೆ ಚಿಕಿತ್ಸೆ ಪಡೆಯುತ್ತಿದ್ದ 210 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಲ್ಲರಿಗೂ ಕೊಟ್ಟದ್ದು ಮೂರು ವಾರದ ಶೀಘ್ರ ಕ್ರಮವೇ. ಒಂದು ಗುಂಪಿಗೆ ಎಂದಿನಂತೆ ಲಸಿಕೆ ಮಾತ್ರ. ಎರಡನೆಯ ಗುಂಪಿಗೆ ಪ್ರತಿ ಸಲ ಸಮಯಕ್ಕೆ ಬಂದಾಗ 10 ಪೌಂಡಿನ ಖರೀದಿ ಕೂಪನ್. ಮೂರನೆಯ ಗುಂಪಿಗೆ ಕ್ರಮವಾಗಿ 5, 10, 15 ಪೌಂಡ್. ಕೂಪನ್ ಇಲ್ಲದವರಲ್ಲಿ ಮೂರೂ ಡೋಸ್ ಮುಗಿಸಿದವರು ಶೇ 9. ಸಮಾನ ಮೊತ್ತದ ಕೂಪನ್ ಪಡೆದವರಲ್ಲಿ ಶೇ 45, ಏರುತ್ತ ಹೋಗುವ ಕೂಪನ್ ಪಡೆದವರಲ್ಲಿ ಶೇ 49. ಒಟ್ಟು 30 ಪೌಂಡಿನ ಆಸರೆಗೆ ಫಲಿತಾಂಶ ಐದು ಪಟ್ಟಾಯಿತು. ಸಿಡ್ನಿಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಎರಡನೆಯ ಮತ್ತು ಮೂರನೆಯ ಡೋಸಿಗೆ ತಲಾ 30 ಆಸ್ಟ್ರೇಲಿಯನ್ ಡಾಲರ್ ಪಡೆದವರಲ್ಲಿ ಶೇ 87 ಮಂದಿ ಮುಗಿಸಿದರು, ಹಣ ಪಡೆಯದವರಲ್ಲಿ ಶೇ 66 ಮಂದಿ. ಎರಡು ದೇಶಗಳ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು, ಆದರೆ ಎರಡೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ಆರೋಗ್ಯದ ಪರಿವೆಯೇ ಇಲ್ಲದವರು ಒಂದು ಕೂಪನ್ನಿಗಾಗಿ ಮೂರು ಸಲ ತೋಳು ಒಡ್ಡಿ ನಿಂತರು ಎಂದು ವಾದಿಸುವುದಕ್ಕಿಂತ, ದಿನದ ಊಟಕ್ಕೇ ಪರದಾಡುವವರಿಗೆ ಆ ಕೂಪನ್ ಆ ದಿನವನ್ನು ಲಸಿಕೆಗಾಗಿ ಬಿಡುವು ಮಾಡಿಕೊಟ್ಟಿತು ಎನ್ನುವುದು ಹೆಚ್ಚು ಹೊಂದುತ್ತದೆ.

ಹಣ ಕೊಟ್ಟರೆ ಅದು ಮತ್ತೆ ಡ್ರಗ್ಸ್‌ಗೇ ಹೋಗುತ್ತದೆ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ. ಬ್ರಿಟನ್ನಿನವರು ನಗದಿನ ಬದಲು ಕೂಪನ್ ಕೊಟ್ಟದ್ದು ಈ ಆತಂಕಕ್ಕೆ ಒಂದು ಉತ್ತರ. ಆರೋಗ್ಯ ಸೇವೆ ಪಡೆದುಕೊಂಡವರಿಗೆ ಸರ್ಕಾರ ಹಣ ಕೊಡುವುದು ನಮಗೆ ಹೊಸತೂ ಅಲ್ಲ. ಜನನಿ ಸುರಕ್ಷಾ ಯೋಜನೆಯಡಿ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಗೆ ಹಣ ಸಿಗುತ್ತದೆ. ಕ್ಷಯ ರೋಗಿಗಳಿಗೆ ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡಲಾಗುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಆ ತಾಯಿ, ಆ ರೋಗಿ ಹಣವನ್ನು ಏನು ಮಾಡುತ್ತಾರೆ ಎಂದು ನಾವು ವಿಚಾರಣೆ ನಡೆಸುವುದಿಲ್ಲ. ಸೂಜಿ ಬಳಸುವವರ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ಮೊದಲು ಏಳುತ್ತದೆ ಎಂದರೆ ಅದನ್ನು ನಮ್ಮೊಳಗೇ ಪರೀಕ್ಷಿಸಿಕೊಳ್ಳಬೇಕು.

ಇನ್ನು ಜಾಗದ ಪ್ರಶ್ನೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ನಡೆಸುವ ಓಎಸ್‌ಟಿ (ಅಫೀಮು ವರ್ಗದ ವ್ಯಸನಕ್ಕೆ ಬದಲಿ ಔಷಧಿ ಕೊಡುವ ಚಿಕಿತ್ಸೆ) ಕೇಂದ್ರದ ಬೆಳಗನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಹೆರಾಯಿನ್‌ಗೆ ಬದಲಾಗಿ ಕೊಡುವ ಬ್ಯುಪ್ರಿನಾರ್ಫಿನ್ ಮಾತ್ರೆಯನ್ನು ನರ್ಸ್ ಪುಡಿ ಮಾಡಿ ನಾಲಿಗೆಯ ಕೆಳಗೆ ಹಾಕುತ್ತಾರೆ. ಅದು ಪೂರ್ತಿ ಕರಗುವವರೆಗೆ ಆ ವ್ಯಕ್ತಿ ಮಾತಾಡದೆ, ನುಂಗದೆ, ನರ್ಸ್‌ನ ಕಣ್ಣೆದುರು ಬೆಂಚಿನ ಮೇಲೆ ಕೂರಬೇಕು. ಕರಗಿತೇ ಎಂದು ಬಾಯಿ ತೆರೆಸಿ ನೋಡಿದ ಮೇಲೆ ರಿಜಿಸ್ಟರಿನಲ್ಲಿ ಗುರುತು ಬೀಳುತ್ತದೆ. ಮರುದಿನ ಮತ್ತೆ ಅದೇ. ಆರೋಗ್ಯದ ಕಾಳಜಿಯಿಲ್ಲದವರೆಂದು ನಾವು ಕರೆಯುವ ಜನ ದಿನಾಲೂ ಒಂದು ನಿಗದಿತ ಕೋಣೆಗೆ ಬಂದು ತರಬೇತಾದ ನರ್ಸ್‌ನ ಮುಂದೆ ಹಲವು ನಿಮಿಷ ಸುಮ್ಮನೆ ಕೂರುತ್ತಾರೆ. ಮೂರು ವಾರದಲ್ಲಿ ಮೂರು ಡೋಸ್ ಕೊಡಲು ಇದಕ್ಕಿಂತ ಅನುಕೂಲವಾದ ಜಾಗ ಇಡೀ ಆರೋಗ್ಯ ವ್ಯವಸ್ಥೆಯಲ್ಲಿ ಇನ್ನೊಂದು ಸಿಗಲಾರದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಹೆಚ್ಚು ಅಪಾಯದ ಗುಂಪುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಕೊಡುವ ಅಂಶ ಸೇರಿದೆ. ಲಸಿಕೆ ಒಂದು ಕಾರ್ಯಕ್ರಮದ ಕೈಯಲ್ಲಿದೆ, ಜನ ಇನ್ನೊಂದು ಕಾರ್ಯಕ್ರಮದ ಬೆಂಚಿನ ಮೇಲಿದ್ದಾರೆ. ಎರಡರ ನಡುವೆ ಚೀಟಿ ಬರೆದು ಜಿಲ್ಲಾ ಆಸ್ಪತ್ರೆಗೆ ಹೋಗಿ ಎಂದು ಹೇಳುವ ಕ್ರಮ ಇರುವಷ್ಟು ದಿನ ಆ ಚೀಟಿಯ ದಾರಿಯಲ್ಲೇ ಹೆಚ್ಚಿನವರು ಕಳೆದುಹೋಗುತ್ತಾರೆ.

ಓಎಸ್‌ಟಿಗೆ ದಾಖಲಾದವರು 8.5 ಲಕ್ಷದಲ್ಲಿ ಅಲ್ಪ ಭಾಗ ಎಂಬುದು ನಿಜ. ಉಳಿದವರನ್ನು ಮುಟ್ಟಬಲ್ಲವರು ಹೊಸ ಸೂಜಿ ಹಂಚಲು ಓಡಾಡುವ ಕ್ಷೇತ್ರ ಕಾರ್ಯಕರ್ತರು ಮತ್ತು ಪೀರ್ ಎಜುಕೇಟರ್‌ಗಳು. ಪೀರ್ ಎಜುಕೇಟರ್ ಎಂದರೆ ಅದೇ ಬದುಕಿನಿಂದ ಬಂದು, ಯಾವ ಪಾಳು ಕಟ್ಟಡದ ಹಿಂದೆ ಎಷ್ಟು ಹೊತ್ತಿಗೆ ಯಾರು ಸೇರುತ್ತಾರೆ ಎಂಬುದನ್ನು ಬಲ್ಲವರು. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 2017ರಲ್ಲಿ ಮನೆಯಿಲ್ಲದವರು ಮತ್ತು ಮಾದಕ ವಸ್ತು ಬಳಸುವವರ ನಡುವೆ ಹೆಪಟೈಟಿಸ್ ಎ ಹಬ್ಬಿ 20 ಜನ ಸತ್ತಾಗ, ನರ್ಸ್‌ಗಳು ಲಸಿಕೆಯ ಡಬ್ಬ ಹಿಡಿದು ಫುಟ್‌ಪಾತ್‌ಗಳಲ್ಲಿ, ಬಯಲಿನ ಡೇರೆಗಳ ನಡುವೆ ನಡೆದು ಹೋಗಿ ಲಸಿಕೆ ಹಾಕಿದರು. ಮನೆಮನೆಗೆ ಪೋಲಿಯೊ ಹನಿ ಹೊತ್ತು ತಿರುಗಿದ ನಮ್ಮ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಈ ಕೆಲಸದ ರೀತಿ ಅಪರಿಚಿತವಲ್ಲ.

ಜೈಲುಗಳನ್ನೂ ಇಲ್ಲಿ ಮರೆಯಬಾರದು. ಇಂಗ್ಲೆಂಡ್ 2001ರ ಸುಮಾರಿಗೆ ಕಾರಾಗೃಹಗಳಲ್ಲಿ ಶೀಘ್ರ ಕ್ರಮದ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿದ ಮೇಲೆ ಕೆಲವೇ ವರ್ಷಗಳಲ್ಲಿ ಸೂಜಿ ಬಳಸುವವರಲ್ಲಿ ಲಸಿಕೆ ಪಡೆದವರ ಪ್ರಮಾಣ ಸುಮಾರು ಇಮ್ಮಡಿಯಾಯಿತು. ವಿಚಾರಣಾಧೀನ ಕೈದಿ ಮೂರು ವಾರವಾದರೂ ಒಳಗಿರುತ್ತಾನೆ, ಆರು ತಿಂಗಳು ಇರುತ್ತಾನೆಂಬ ಖಾತ್ರಿಯಿಲ್ಲ. ಆದ್ದರಿಂದ ಅಲ್ಲಿ ಶೀಘ್ರ ಕ್ರಮ ಬಿಟ್ಟು ಬೇರೆ ಕ್ರಮಕ್ಕೆ ಅರ್ಥವಿಲ್ಲ.

ಕಾನೂನಿನ ಭಯವೂ ಜನರನ್ನು ದೂರ ಇಡುತ್ತದೆ. 1985ರ ಎನ್‌ಡಿಪಿಎಸ್ ಕಾಯ್ದೆಯ 27ನೆಯ ಸೆಕ್ಷನ್ ಮಾದಕ ವಸ್ತು ಸೇವನೆಯನ್ನೇ ಅಪರಾಧವೆನ್ನುತ್ತದೆ. ಅದೇ ಕಾಯ್ದೆಯ 64ಎ ಸೆಕ್ಷನ್ ಸ್ವಯಂಪ್ರೇರಣೆಯಿಂದ ಚಿಕಿತ್ಸೆಗೆ ಬಂದವರಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. 2017ರ ಎಚ್‌ಐವಿ ಕಾಯ್ದೆಯ 22ನೆಯ ಸೆಕ್ಷನ್, ಸೋಂಕಿನ ಅಪಾಯ ತಗ್ಗಿಸಲು ಸೂಜಿ ಹಂಚುವಂಥ ಕ್ರಮಗಳು ಅಪರಾಧವಾಗುವುದಿಲ್ಲ ಎಂದು ಸ್ಪಷ್ಟಪಡಿಸುತ್ತದೆ. ಆದರೆ ಬೀದಿಯಲ್ಲಿ ಜನರಿಗೆ ಗೊತ್ತಿರುವುದು 27 ಮಾತ್ರ. ಹೆಸರು, ವಿಳಾಸ, ಆಧಾರ್ ಕೇಳುವ ಯಾವ ಕಿಟಕಿಯೂ ಅವರಿಗೆ ಪೊಲೀಸ್ ಠಾಣೆಯ ಮುಂದಿನ ಕೋಣೆಯಂತೆ ಕಾಣುತ್ತದೆ. ಗುರುತಿನ ಚೀಟಿ ಇಲ್ಲದೆ ಲಸಿಕೆ ಕೊಡುವುದು ಆಡಳಿತಕ್ಕೆ ಆಗದ ಕೆಲಸವೇನೂ ಅಲ್ಲ. ಕೋವಿಡ್ ಕಾಲದಲ್ಲಿ, 2021ರ ಮೇ ತಿಂಗಳಲ್ಲಿ, ಕೇಂದ್ರ ಆರೋಗ್ಯ ಸಚಿವಾಲಯವೇ ಅಲೆಮಾರಿಗಳು, ಕೈದಿಗಳು, ಭಿಕ್ಷುಕರು, ಪುನರ್ವಸತಿ ಕೇಂದ್ರಗಳಲ್ಲಿರುವವರು ಮೊದಲಾದವರಿಗೆ ಗುರುತಿನ ಚೀಟಿ ಇಲ್ಲದಿದ್ದರೂ ಲಸಿಕೆ ಹಾಕಲು ಪ್ರತ್ಯೇಕ ಕಾರ್ಯವಿಧಾನ ಹೊರಡಿಸಿ, ಅವರ ಪರವಾಗಿ ಒಬ್ಬ ಸಹಾಯಕನ ಗುರುತನ್ನು ದಾಖಲಿಸಿಕೊಂಡರೆ ಸಾಕು ಎಂದಿತು. ಅದಕ್ಕೂ ಹಿಂದಿನ ವರ್ಷ ಲಾಕ್‌ಡೌನ್ ಬಂದಾಗ ನ್ಯಾಕೋ, ದಿನಾಲೂ ಎದುರಿಗೇ ಕೊಡಬೇಕಿದ್ದ ಬ್ಯುಪ್ರಿನಾರ್ಫಿನ್ ಅನ್ನು ಹಲವು ದಿನಗಳಿಗಾಗುವಷ್ಟು ಮನೆಗೆ ಕೊಡಲು ಒಪ್ಪಿತು. ಹೆಪಟೈಟಿಸ್ ಬಿಗೂ ಅಂಥದೊಂದು ಸುತ್ತೋಲೆ ಸಾಧ್ಯ.

ಉಳಿಯುವುದು ದಾಸ್ತಾನಿನ ವಿವರಗಳು, ಮತ್ತು ಕೆಲಸ ನಿಲ್ಲುವುದು ಬಹಳ ಸಲ ಇಂಥ ವಿವರಗಳಲ್ಲೇ. ಹೆಪಟೈಟಿಸ್ ಬಿ ಲಸಿಕೆಯನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕು, ಹೆಪ್ಪುಗಟ್ಟಿದರೆ ಅದು ಕೆಡುತ್ತದೆ. ಮಕ್ಕಳ ಡೋಸ್ ಅರ್ಧ ಮಿಲಿಲೀಟರ್, ವಯಸ್ಕರದು ಒಂದು. ಅಂದರೆ ಹತ್ತು ಮಕ್ಕಳಿಗಾಗುವ ಬಾಟಲಿ ಐದು ವಯಸ್ಕರಿಗೆ ಆಗುತ್ತದೆ, ಬೇಡಿಕೆ ಪಟ್ಟಿ ಸಿದ್ಧಪಡಿಸುವಾಗ ಈ ಲೆಕ್ಕ ತಪ್ಪಿದರೆ ತಿಂಗಳ ನಡುವೆ ಲಸಿಕೆ ಮುಗಿಯುತ್ತದೆ. ಐದು ಜನ ಒಟ್ಟಿಗೆ ಸೇರದೆ ಬಾಟಲಿ ತೆರೆಯುವಂತಿಲ್ಲ ಎಂದು ಕಾಯುವ ಅಗತ್ಯವೂ ಇಲ್ಲ, ದೇಶದ ತೆರೆದ ಬಾಟಲಿ ನೀತಿಯ ಪ್ರಕಾರ ಸರಿಯಾಗಿ ಇಟ್ಟ ಹೆಪಟೈಟಿಸ್ ಬಿ ಬಾಟಲಿಯನ್ನು ತೆರೆದ ನಂತರ 28 ದಿನ ಬಳಸಬಹುದು. ಎಚ್‌ಐವಿ ಇರುವವರಲ್ಲಿ ಸಾಮಾನ್ಯ ಡೋಸಿಗೆ ಪ್ರತಿಕ್ರಿಯೆ ಕಡಿಮೆ ಇರುವುದರಿಂದ ಅವರಿಗೆ ಇಮ್ಮಡಿ ಡೋಸ್ ಕೊಡುವ ಕ್ರಮವಿದೆ, ಅದಕ್ಕೂ ದಾಸ್ತಾನು ಬೇಕು. ಸಿಬ್ಬಂದಿಯಲ್ಲಿ ವ್ಯಾಪಕವಾಗಿರುವ ಒಂದು ತಪ್ಪು ತಿಳಿವಳಿಕೆಯನ್ನೂ ತರಬೇತಿಯಲ್ಲಿ ತಿದ್ದಬೇಕು. ನಡುವೆ ಡೋಸ್ ತಪ್ಪಿಸಿಕೊಂಡವರನ್ನು ಮೊದಲಿನಿಂದ ಶುರು ಮಾಡಿಸಬೇಕಿಲ್ಲ. ಎರಡು ಡೋಸ್ ಪಡೆದು ಎಂಟು ತಿಂಗಳು ಕಾಣೆಯಾಗಿದ್ದವರು ಒಂದು ಬೆಳಗ್ಗೆ ಮತ್ತೆ ಅದೇ ಬೆಂಚಿಗೆ ಬಂದು ಕೂತರೆ, ರಿಜಿಸ್ಟರಿನ ಹಳೆಯ ಪುಟ ತೆರೆದು, ಉಳಿದಿರುವ ಮೂರನೆಯ ಡೋಸನ್ನು ಅವತ್ತೇ ಹಾಕಬಹುದು.